ಕಡೇ ಬೈಕು ಬರುವ ತನಕ ಕಾಫಿ ಹೇಳಬೇಡಿ



ಅಗ್ನಿಶಾಮಕ ಠಾಣೆಯವರು, 108 ಆಂಬುಲೆನ್ಸಿನವರು, ಗೃಹರಕ್ಷಕ ದಳದವರು ಸೇರಿ ಬೈಕ್ ಕ್ಲಬ್ ಕಟ್ಟುತ್ತಿದ್ದೀರಿ. 'ರಿಟೈರ್ ಆಗಿದ್ದೀರಲ್ಲ ಸಾರ್, ಹಿರಿಯರು, ಏನಾದ್ರೂ ಹೇಳಿ' ಅಂದಿರಿ. ಹೇಳುತ್ತೇನೆ. ಟೀ ಶರ್ಟಿನ ಬಣ್ಣ ಯಾವುದು, ಲೋಗೋದಲ್ಲಿ ಕೊಡಲಿ ಬರಬೇಕೋ ಬೆಂಕಿ ಬರಬೇಕೋ ಎಂಬುದನ್ನು ನೀವೇ ಜಗಳವಾಡಿ ತೀರ್ಮಾನಿಸಿಕೊಳ್ಳಿ. ಆ ವಿಷಯದಲ್ಲಿ ನನ್ನ ರುಚಿ ತುಂಬಾ ಹಳೆಯದು.

ಈ ಕ್ಲಬ್ಬು ಯಾಕೆ ಬೇಕು ಎಂಬುದಕ್ಕೆ ನನ್ನ ಬಳಿ ಇರುವುದು ಒಂದೇ ಕಾರಣ. ಹೆದ್ದಾರಿಯಲ್ಲಿ ಲಾರಿಯ ಹಿಂಭಾಗಕ್ಕೆ ಕಾರು ನುಗ್ಗಿರುತ್ತದೆ. ಫೈರ್‌ನವರು ಕಟರ್ ಹಿಡಿದು ಬಾಗಿಲು ಕತ್ತರಿಸುತ್ತೀರಿ. ಆಂಬುಲೆನ್ಸಿನಲ್ಲಿ ಚಿಕಿತ್ಸೆ ಕೊಡುವ ಇಎಂಟಿ ಅದೇ ಸಂದಿಯಲ್ಲಿ ಕೈ ತೂರಿಸಿ ನಾಡಿ ನೋಡುತ್ತಾಳೆ. ಆಂಬುಲೆನ್ಸ್ ಓಡಿಸುವ ಪೈಲಟ್ ಸ್ಟ್ರೆಚರ್ ಎಳೆದು ತಂದು ಕಾಯುತ್ತಾನೆ. ಒಬ್ಬರ ಏದುಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ ನಿಂತು ಕೆಲಸ ಮಾಡುತ್ತೀರಿ. ಆಮೇಲೆ ಆಂಬುಲೆನ್ಸ್ ಆ ಕಡೆ, ವಾಟರ್ ಟೆಂಡರ್ ಈ ಕಡೆ. ಮುಖ ಗೊತ್ತು, ಹೆಸರು ಗೊತ್ತಿಲ್ಲ. 2008ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ 108 ಶುರುವಾಯಿತು. ಅಂದಿನಿಂದ ಬಹುತೇಕ ಊರುಗಳಲ್ಲಿ ಇದೇ ಕಥೆ. ಯಾರದೋ ಕೆಟ್ಟ ಗಳಿಗೆಯಲ್ಲಿ ಮಾತ್ರ ಎದುರಾಗುವ ನೀವು ಇಡ್ಲಿ ತಿನ್ನುವ ಹೊತ್ತಿನಲ್ಲೂ ಎದುರಾಗಬೇಕು. ಕೆಳಗೆ ಹೇಳಿದ್ದೆಲ್ಲ ಅದಕ್ಕೇ.

• ಕ್ಲಬ್ಬಿನೊಳಗೆ ಪಟ್ಟಿ, ನಕ್ಷತ್ರ ಬೇಡ. ಫೈರ್‌ಮನ್, ಲೀಡಿಂಗ್ ಫೈರ್‌ಮನ್, ಡ್ರೈವರ್ ಮೆಕ್ಯಾನಿಕ್, ಠಾಣಾಧಿಕಾರಿ ಎಲ್ಲ ಠಾಣೆಯ ಗೇಟಿನ ಒಳಗಿನ ಮಾತು. ಸವಾರಿಯ ದಿನ ದಾರಿ ಬಲ್ಲವರು ಮುಂದೆ. ಅದು ಈಗಷ್ಟೇ ಬನ್ನೇರುಘಟ್ಟ ರಸ್ತೆಯ ಅಗ್ನಿಶಾಮಕ ಅಕಾಡೆಮಿಯಿಂದ ಹೊರಬಿದ್ದ ಹುಡುಗನಾದರೂ ಸರಿ, ಜಿಲ್ಲಾ ಅಧಿಕಾರಿಯ ಬೈಕು ಅವನ ಹಿಂದೆ. ಹಾಗಂತ ನಾಳೆಯಿಂದಲೇ 'ಸಾರ್' ಅನ್ನಬಾರದು ಎಂದು ಕಟ್ಟುನಿಟ್ಟು ಮಾಡಿದರೆ ಹುಡುಗರು ಬಾಯನ್ನೇ ಬಿಡುವುದಿಲ್ಲ. ಅಣ್ಣ, ಅಕ್ಕ ಅನ್ನುವುದು ತಾನಾಗಿ ಬರಲಿ, ಅವಸರವಿಲ್ಲ.

ಅಧಿಕಾರಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಕಾಫಿ ಕುಡಿಯುವಾಗ ರಜೆ, ವರ್ಗಾವಣೆ, ಮೆಮೋ ಈ ಮೂರೂ ನಿಮ್ಮ ಬಾಯಲ್ಲಿ ತಮಾಷೆಗೂ ಬರಬಾರದು. ನಿಮಗೆ ತಮಾಷೆ ಅನ್ನಿಸಿದ್ದು ಎದುರಿಗೆ ಕೂತವನಿಗೆ ರಾತ್ರಿಯೆಲ್ಲ ನಿದ್ದೆಗೆಡಿಸುತ್ತದೆ.

• ಚಂದಾ ಎಷ್ಟಿರಬೇಕು ಅಂತ ಕೇಳಿದಿರಿ. ನಿಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು ಮನೆಯಲ್ಲಿ ಕೇಳದೆ ಕೊಡಬಲ್ಲಷ್ಟು. ಫೈರ್‌ನವರದು ಸರ್ಕಾರಿ ನೌಕರಿ, ತಿಂಗಳ ಕೊನೆಗೆ ಸಂಬಳ ಬಂದೇ ಬರುತ್ತದೆ. 108ರ ಹುಡುಗರು ಗುತ್ತಿಗೆಯವರು. ಗೃಹರಕ್ಷಕರಿಗೆ ಕರೆದ ದಿನಕ್ಕಷ್ಟೇ ಭತ್ಯೆ. ಒಂದೇ ಬೆಂಚಿನಲ್ಲಿ ಕೂತರೂ ಈ ಮೂವರ ಜೇಬು ಬೇರೆ ಬೇರೆ. ಜಾಕೆಟ್ ಕಡ್ಡಾಯ, ಇಂಥದೇ ಬೂಟು ಕಡ್ಡಾಯ ಅಂತ ಶುರುಮಾಡಿದರೆ ಎರಡನೇ ತಿಂಗಳಿಗೆ ಪೈಲಟ್‌ಗಳು 'ಡ್ಯೂಟಿ ಇದೆ ಅಣ್ಣ' ಅನ್ನತೊಡಗುತ್ತಾರೆ. ನೀವು ಅದನ್ನು ನಿಜವೆಂದು ನಂಬುತ್ತೀರಿ. ಅಲ್ಲಿಗೆ ಮುಗಿಯಿತು.

ಹೋಟೆಲಿನಲ್ಲಿ ಅವರವರ ಬಿಲ್ಲು ಅವರವರೇ ಕೊಡಲಿ. ಒಬ್ಬ ಸಾಹೇಬರು ದೊಡ್ಡ ಮನಸ್ಸಿನಿಂದ ಪ್ರತಿ ಸಲವೂ ಎಲ್ಲರ ಬಿಲ್ಲು ಕೊಟ್ಟರೆ ಉಳಿದವರು ಅತಿಥಿಗಳಾಗಿಬಿಡುತ್ತಾರೆ.

• ಇಷ್ಟು ಸಿಸಿ ಇದ್ದರೇ ಸದಸ್ಯ ಎಂಬ ನಿಯಮವನ್ನು ಬರೆಯಲೇಬೇಡಿ. ಬುಲೆಟ್ಟಿನವನ ಗತ್ತು ನನಗೆ ಗೊತ್ತು, ನಾನು ಯೆಜ್ಡಿಯವನು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಕಿಕ್ಕರನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಆ ಗಾಡಿಯ ಮುಂದೆ ನಿಮ್ಮ ಹೊಸ ಗಾಡಿಗಳೆಲ್ಲ ನನಗೆ ಸ್ಕೂಟರ್ ಇದ್ದ ಹಾಗೆ. ಈ ಜಗಳ ಚಹಾದಂಗಡಿಯಲ್ಲಿ ಎಷ್ಟು ಹೊತ್ತಾದರೂ ಆಡಿ, ಅದರಲ್ಲೂ ಒಂದು ಸ್ನೇಹವಿದೆ. ಸದಸ್ಯತ್ವದ ಕಾಗದಕ್ಕೆ ಮಾತ್ರ ಅದನ್ನು ತರಬೇಡಿ. ಸ್ಪ್ಲೆಂಡರ್‌ನಲ್ಲಿ ಬರುವವನೂ ಸವಾರನೇ.

• ಕಾಗದಪತ್ರ ಸರಿಯಾಗಿರಲಿ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಬಹುದು. ಸರ್ಕಾರಿ ನೌಕರರು ಇಲಾಖೆಗೆ ಮೊದಲೇ ಬರೆದು ಅನುಮತಿ ಪಡೆಯಿರಿ. ಹೊರಗಿನವರಿಂದ ದೇಣಿಗೆ ಎತ್ತುವುದಂತೂ ನಡತೆ ನಿಯಮದ ತಂಟೆ, ಅದರ ಹತ್ತಿರ ಹೋಗಬೇಡಿ. ಲೆಕ್ಕವನ್ನು ತಿಂಗಳಿಗೊಮ್ಮೆ ಗುಂಪಿನಲ್ಲಿ ಹಾಕಿ, ಉಳಿದದ್ದು ಮುನ್ನೂರು ರೂಪಾಯಿಯಾದರೂ ಸರಿ.

• ವರ್ಷದ ಲೆಕ್ಕ ತಿಳಿದು ಸವಾರಿ ಇಟ್ಟುಕೊಳ್ಳಿ. ಬೇರೆ ಕ್ಲಬ್ಬಿನವರ ಕ್ಯಾಲೆಂಡರ್ ನಮಗೆ ಆಗಿಬರುವುದಿಲ್ಲ. ಫೆಬ್ರವರಿ ಬಂತೆಂದರೆ ಹುಲ್ಲಿನ ಬಣವೆ, ಕಾಡಿನ ಬೆಂಕಿ. ಅದು ಮೇವರೆಗೂ ಬಿಡುವುದಿಲ್ಲ. ಜೂನ್‌ನಿಂದ ಮಳೆ, ಪ್ರವಾಹ, ಬಿದ್ದ ಮರ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಷ್ಟು ಠಾಣೆಗಳವರು ಮನೆ ಮರೆತು ಅಲ್ಲೇ ಇದ್ದರು ಎಂಬುದು ನಿಮಗೇ ಗೊತ್ತು. ಆಮೇಲೆ ಗಣೇಶ ವಿಸರ್ಜನೆಗೆ ಕೆರೆ ದಂಡೆಯಲ್ಲಿ ಡ್ಯೂಟಿ, ದಸರಾ, ದೀಪಾವಳಿಯ ಪಟಾಕಿ. ನಿಜವಾಗಿ ಉಸಿರು ಬಿಡಲು ಸಿಗುವುದು ನವೆಂಬರ್ ಕೊನೆಯಿಂದ ಜನವರಿ ತನಕ, ಅದರಲ್ಲೂ ಹೊಸ ವರ್ಷದ ರಾತ್ರಿ ಬಿಟ್ಟು. ದೂರದ ಸವಾರಿ ಆಗ. ಉಳಿದ ತಿಂಗಳಲ್ಲಿ ಒಂದು ಬೆಳಗ್ಗೆಯ ಸವಾರಿ ಸಾಕು.

ಏಪ್ರಿಲ್ 14ಕ್ಕೆ ಸವಾರಿ ಇಡೋಣ ಅಂತ ಯಾರಾದರೂ ಅನ್ನುತ್ತಾರೆ. 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ, ಶಾಲೆ-ಆಸ್ಪತ್ರೆಗಳಲ್ಲಿ ಪ್ರಾತ್ಯಕ್ಷಿಕೆ, ರಜೆಯ ಮಾತೇ ಇಲ್ಲ. ಸಪ್ತಾಹ ಮುಗಿದ ಮೇಲಿನ ಭಾನುವಾರ ಇಟ್ಟುಕೊಳ್ಳಿ. ಆವತ್ತು 108ರವರಿಗೆ ಏಪ್ರಿಲ್ 14ರ ಕಥೆ ಹೇಳಿ. 1944ರಲ್ಲಿ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಾಗ ಸತ್ತ 66 ಅಗ್ನಿಶಾಮಕರ ನೆನಪಿಗೆ ಅದನ್ನು ಆಚರಿಸುತ್ತೇವೆ ಎಂಬುದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. ಅವರೂ ತಮ್ಮ ಕಥೆ ಹೇಳಲಿ. ಓಡುವ ಆಂಬುಲೆನ್ಸಿನೊಳಗೆ ಹೆರಿಗೆ ಮಾಡಿಸುವುದು ಹೇಗೆಂದು ನಮ್ಮ ಹುಡುಗರು ಬಾಯಿ ಮುಚ್ಚಿಕೊಂಡು ಕೇಳಲಿ.

• ರಾತ್ರಿ ಪಾಳಿ ಮುಗಿಸಿ ನೇರವಾಗಿ ಸವಾರಿಗೆ ಬಂದವರನ್ನು ವಾಪಸ್ ಕಳಿಸಿ. ಇದರಲ್ಲಿ ದಾಕ್ಷಿಣ್ಯ ಬೇಡ. ಹದಿನೇಳು ಗಂಟೆ ಎಚ್ಚರವಿದ್ದವರ ಕೈಕಾಲು ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವರ ಹಾಗೆ ಆಗುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ತೋರಿಸಿದ್ದಾರೆ. ನಮ್ಮ ಕಾನೂನು ಬಿಡುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಒಂದು ತೊಟ್ಟೂ ಕುಡಿಯದೆ ಮಿತಿ ಮೀರಿದ ಲೆಕ್ಕ. 'ನನಗೆ ಅಭ್ಯಾಸ ಆಗಿದೆ ಅಣ್ಣ' ಅನ್ನುವವರನ್ನು ಮೊದಲು ಕಳಿಸಿ.

• ಹೆಲ್ಮೆಟ್ ಬಗ್ಗೆ ನಿಮಗೆ ನಾನು ಹೇಳುವುದೇನಿದೆ? ಐಎಸ್‌ಐ ಗುರುತಿರಲಿ, ಪಟ್ಟಿ ಬಿಗಿದಿರಲಿ, ಹಿಂದೆ ಕೂತವರಿಗೂ ಇರಲಿ.

• ಈಗ ಸವಾರಿಯ ಕ್ರಮ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಸ್ನೇಹ ಬೆಳೆಯುವುದೂ ಮುರಿಯುವುದೂ ಇಲ್ಲೇ.

ಒಂದು ಗುಂಪಿಗೆ ಆರೇಳು ಬೈಕಿಗಿಂತ ಹೆಚ್ಚು ಬೇಡ. ಇಪ್ಪತ್ತು ಜನ ಬಂದರೆ ಮೂರು ಗುಂಪು ಮಾಡಿ, ನಡುವೆ ಹತ್ತು ನಿಮಿಷ ಬಿಡಿ. ಗುಂಪು ಮಾಡುವಾಗ ಒಂದೇ ಠಾಣೆಯವರನ್ನು ಒಟ್ಟಿಗೆ ಹಾಕಬೇಡಿ. ಅವರು ದಿನವೂ ಒಟ್ಟಿಗೇ ಇರುತ್ತಾರೆ. ಮುಂದಾಳು ಲೇನಿನ ಬಲಭಾಗದಲ್ಲಿ, ಎರಡನೆಯವನು ಎಡಭಾಗದಲ್ಲಿ, ಮೂರನೆಯವನು ಮತ್ತೆ ಬಲಕ್ಕೆ. ನೇರ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡಿನ ಅಂತರವಿರಲಿ. ತಿರುವು ಬಂದರೆ, ಮಂಜು ಇಳಿದರೆ ಒಂದೇ ಸಾಲು. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ, ಚಾರ್ಮಾಡಿಯ ಮಂಜಿನಲ್ಲಿ ಜೋಡಿಯಾಗಿ ಹೋಗುವ ಹುಚ್ಚು ಬೇಡ. ಓವರ್‌ಟೇಕ್ ಒಬ್ಬೊಬ್ಬರಾಗಿ ಮಾಡಿ. ಮುಂದಿನವನು ದಾಟಿದನೆಂದು ಹಿಂದಿನವನು ನುಗ್ಗಬಾರದು, ಎದುರಿನ ಬಸ್ಸು ಅವನಿಗೆ ಬಿಟ್ಟ ಜಾಗ ನಿಮಗೂ ಬಿಟ್ಟಿರುವುದಿಲ್ಲ.

ಹೊಸಬರನ್ನು ಕೊನೆಗೆ ಹಾಕುವುದು ರೂಢಿ. ತಪ್ಪು. ಹೊಸಬರು ಮುಂದಾಳಿನ ಬೆನ್ನ ಹಿಂದೆಯೇ ಇರಲಿ, ಅವರ ವೇಗವೇ ಗುಂಪಿನ ವೇಗ. ಕೊನೆಯ ಬೈಕು ಎಲ್ಲರಿಗಿಂತ ಪಳಗಿದವರದು. ಟೂಲ್ ಕಿಟ್, ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಚೀಲ ಅಲ್ಲಿರಬೇಕು.

ಪ್ರತಿಯೊಬ್ಬರೂ ಕನ್ನಡಿಯಲ್ಲಿ ತನ್ನ ಹಿಂದಿನ ಒಂದೇ ಒಂದು ಹೆಡ್‌ಲೈಟ್ ಲೆಕ್ಕ ಇಡಬೇಕು. ಅದು ಕಾಣದಿದ್ದರೆ ನಿಧಾನಿಸಿ, ಆಗ ನಿಮ್ಮ ಮುಂದಿನವರು ನಿಮ್ಮನ್ನು ಕಾಣದೆ ನಿಧಾನಿಸುತ್ತಾರೆ. ಹೀಗೇ ಸುದ್ದಿ ಮುಂದಾಳಿಗೆ ಮುಟ್ಟುತ್ತದೆ, ಫೋನೂ ಬೇಡ ಹಾರನ್ನೂ ಬೇಡ. ಉಸಿರಾಟದ ಬಿ.ಎ. ಸೆಟ್ ಕಟ್ಟಿಕೊಂಡು ಹೊಗೆಯೊಳಗೆ ಇಳಿದಾಗ ಜೊತೆಗಾರನನ್ನು ಬಿಟ್ಟು ಹೊರಗೆ ಬರುತ್ತೀರಾ? ರಸ್ತೆಯಲ್ಲೂ ಅದೇ. ಹೋಟೆಲಿಗೆ ಮೊದಲು ತಲುಪಿದವರು ಬೇಕಾದರೆ ನೀರು ಕುಡಿಯಲಿ. ಕಡೇ ಬೈಕು ಬಂದು ಸ್ಟ್ಯಾಂಡ್ ಹಾಕುವ ತನಕ ಕಾಫಿ ಹೇಳಬೇಡಿ. ಚಿಕ್ಕ ವಿಷಯ ಅನ್ನಿಸಬಹುದು. ಹಿಂದೆ ಉಳಿದು ಬಂದವರ ಎದುರು ಖಾಲಿ ಲೋಟಗಳ ಸಾಲು ಇದ್ದರೆ ಅವರು ಮುಂದಿನ ಸಲ ಬರುವುದಿಲ್ಲ, ಅಥವಾ ಬಂದರೆ ತಮ್ಮ ಕೈಗೆ ಮೀರಿದ ವೇಗದಲ್ಲಿ ಬರುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು.

• ದಾರಿಯಲ್ಲಿ ಅಪಘಾತ ಸಿಕ್ಕೇ ಸಿಗುತ್ತದೆ. ಹತ್ತು ಜನ ನುರಿತವರು ಒಟ್ಟಿಗೆ ನುಗ್ಗಿದರೆ ಅಲ್ಲಿ ಆಗುವುದು ಗೊಂದಲ. ಹೊರಡುವ ಮೊದಲೇ ಪಾತ್ರ ಹಂಚಿಕೊಳ್ಳಿ. ಗಾಯಾಳುವಿನ ಬಳಿ ಇಎಂಟಿ ಮತ್ತು ಒಬ್ಬ ಸಹಾಯಕ, ಫೋನಿಗೆ ಒಬ್ಬರು, ಬರುವ ಗಾಡಿಗಳನ್ನು ನಿಲ್ಲಿಸಲು ನೂರು ಮೀಟರ್ ಹಿಂದೆ ಇಬ್ಬರು. ಉಳಿದವರು ಬೈಕುಗಳನ್ನು ರಸ್ತೆಯಿಂದ ಆಚೆ ನಿಲ್ಲಿಸಿ ಅಲ್ಲೇ ಇರಲಿ. ಅಲ್ಲಿ ಇಎಂಟಿ ಹೇಳಿದ್ದೇ ಕೊನೆ ಮಾತು, ಠಾಣಾಧಿಕಾರಿ ಇದ್ದರೂ. ಬಿದ್ದವರ ಹೆಲ್ಮೆಟ್ ಎಳೆಯಬೇಡಿ. ಉಸಿರಿಗೆ ಅಡ್ಡಿಯಾಗಿದ್ದರೆ ಮಾತ್ರ, ಒಬ್ಬರು ಕುತ್ತಿಗೆ ಆನಿಸಿ ಹಿಡಿದಾಗ ಇನ್ನೊಬ್ಬರು ತೆಗೆಯಬೇಕು. ವರ್ಷಕ್ಕೊಮ್ಮೆ ಇದನ್ನು ಬಯಲಿನಲ್ಲಿ ಅಭ್ಯಾಸ ಮಾಡಿ, ಇಎಂಟಿಗಳೇ ಕಲಿಸಲಿ. 2015ರಲ್ಲಿ ಬೆಂಗಳೂರಿನಲ್ಲಿ ಬೈಕ್ ಆಂಬುಲೆನ್ಸ್ ಬಂದಾಗ ಮೊದಲ ಹತ್ತು ನಿಮಿಷದ ಬೆಲೆ ಏನೆಂದು ಊರೆಲ್ಲ ಮಾತಾಡಿತು. ಆ ಹತ್ತು ನಿಮಿಷಕ್ಕೆ ನೀವು ಹತ್ತು ಜನ ಇದ್ದೀರಿ, ಕ್ರಮವಿಲ್ಲದಿದ್ದರೆ ಇದ್ದೂ ಉಪಯೋಗವಿಲ್ಲ.

ನೆರವಾದವರ ಮೇಲೆ ಕೇಸು ಬೀಳುತ್ತದೆಂಬ ಭಯ ಗೃಹರಕ್ಷಕ ಹುಡುಗರಲ್ಲಿ ಈಗಲೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಅಂಥವರನ್ನು ರಕ್ಷಿಸುತ್ತದೆ. ಓದಿ ಹೇಳಿ.

• ಖಾಸಗಿ ಬೈಕಿಗೆ ಸೈರನ್, ಕೆಂಪು-ನೀಲಿ ದೀಪ, ಕಿವಿ ಹರಿಯುವ ಸೈಲೆನ್ಸರ್ ಬೇಡ. ಟ್ರಾಫಿಕ್ ಪೊಲೀಸರು ಹಿಡಿದರೆ ಲೈಸೆನ್ಸ್ ತೋರಿಸಿ, ಇಲಾಖೆಯ ಗುರುತಿನ ಚೀಟಿ ಜೇಬಿನಲ್ಲೇ ಇರಲಿ.

• ಮಾತು ಕಡಿಮೆಯಾದವರ ಮೇಲೆ ಕಣ್ಣಿಡಿ. ಬಾವಿಯಿಂದ ಮಗುವಿನ ಹೆಣ ಎತ್ತಿದವನು, ಸುಟ್ಟ ಮೈಯನ್ನು ಬಟ್ಟೆಯಲ್ಲಿ ಸುತ್ತಿದವಳು ಮರುದಿನ ಏನೂ ಆಗದಂತೆ ಪಾಳಿಗೆ ಬರುತ್ತಾರೆ. ಹಾಜರಿ ಹಾಕಿ, ಗಾಡಿ ತೊಳೆದು, ಮುಂದಿನ ಕಾಲ್‌ಗೆ ಕಾಯುತ್ತಾರೆ. ನಮ್ಮ ಕಾಲದಲ್ಲಿ ಇದಕ್ಕೆ ಹೆಸರೂ ಇರಲಿಲ್ಲ, ಸಂಜೆಗೊಂದು ಬಾಟಲಿ ಇತ್ತು. ಅದು ಎಷ್ಟು ಮನೆ ತಿಂದಿತು ಎಂಬುದನ್ನು ನಿಮ್ಮ ಠಾಣೆಯ ಹಳಬರನ್ನು ಕೇಳಿ.

ಬೈಕಿನಲ್ಲಿ ಒಂದು ಅನುಕೂಲವಿದೆ. ಜೊತೆಯಲ್ಲೇ ಇರುತ್ತೀರಿ, ಮಾತಾಡಬೇಕಾಗಿಲ್ಲ. ಎರಡು ಗಂಟೆ ಗಾಳಿಗೆ ಮುಖವೊಡ್ಡಿ ಬಂದವರು ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಾ ತಾವಾಗಿಯೇ ಶುರುಮಾಡುತ್ತಾರೆ. ಆಗ 'ಏನಾಯ್ತು, ಹೇಗಿತ್ತು' ಅಂತ ಕೆದಕಬೇಡಿ. ನಿಮ್ಮದೂ ಅಂಥದೇ ಒಂದು ಕಥೆ ತಂದು ಮೇಲೆ ಹೇರಬೇಡಿ. ನಡುವೆ ಯಾರಾದರೂ ಎದ್ದು ಫೋಟೊ ತೆಗೆಯೋಣ ಅಂದರೆ ಅವರನ್ನು ಬಾಳೆಹಣ್ಣು ತರಲು ಕಳಿಸಿ. ನಮ್ಮೊಳಗೆ ಆಡುವ ಕರಾಳ ತಮಾಷೆಗಳೂ ಇವೆ, ಹೊರಗಿನವರು ಕೇಳಿದರೆ ಹೌಹಾರುತ್ತಾರೆ. ಅವೂ ಔಷಧಿಯೇ, ಆದರೆ ಮನೆಯವರು, ಮಕ್ಕಳು ಜೊತೆಗಿದ್ದಾಗ ಬೇಡ.

ವಾರಗಟ್ಟಲೆ ನಿದ್ದೆ ಇಲ್ಲ, ಸಣ್ಣದಕ್ಕೂ ಕೈ ಎತ್ತುತ್ತಾನೆ, ಕುಡಿತ ಏರಿದೆ, 'ಸಾಕಾಗಿದೆ' ಎಂಬ ಮಾತು ಪದೇ ಪದೇ ಬರುತ್ತಿದೆ ಅಂದರೆ ಅದು ಸವಾರಿಯಿಂದ ವಾಸಿಯಾಗುವ ವಿಷಯವಲ್ಲ. ಆಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, ನಂಬರು 14416. 2022ರಿಂದ ನಡೆಯುತ್ತಿದೆ, ಹಿಂದೆ ನಿಮ್ಹಾನ್ಸ್ ಇದೆ, ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನಂಬರು ಕೊಟ್ಟು ಕೈತೊಳೆದುಕೊಳ್ಳಬೇಡಿ, ಪಕ್ಕದಲ್ಲಿ ಕೂತು ಫೋನ್ ಮಾಡಿಸಿ. ಈ ಸುದ್ದಿ ಠಾಣೆಗೆ ಹೋಗಕೂಡದು. ಒಮ್ಮೆ ಹೋದರೆ ಆಮೇಲೆ ನಿಮ್ಮ ಕ್ಲಬ್ಬಿನಲ್ಲಿ ಯಾರೂ ಏನನ್ನೂ ಹೇಳುವುದಿಲ್ಲ.

• ಸವಾರಿಯ ದಿನ ಮದ್ಯ ಇಲ್ಲ. ರಾತ್ರಿ ತಂಗುವಲ್ಲಿ, ಗಾಡಿಗಳ ಕೀಲಿ ಒಂದು ಕಡೆ ಸೇರಿದ ಮೇಲೆ ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು. ಕುಡಿಯದವರನ್ನು ಛೇಡಿಸುವವರು ಮಾತ್ರ ಮುಂದಿನ ಸಲ ಮನೆಯಲ್ಲೇ ಇರಲಿ.

• ಮನೆಯವರನ್ನು ಸೇರಿಸಿಕೊಳ್ಳಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1982ರಲ್ಲಿ ಅಗ್ನಿಶಾಮಕರು ಕಟ್ಟಿದ 'ರೆಡ್ ನೈಟ್ಸ್' ಎಂಬ ಬೈಕ್ ಕೂಟ ಇವತ್ತು ಹಲವು ದೇಶಗಳಲ್ಲಿದೆ. ಅವರು ಮೊದಲಿನಿಂದ ಹಿಡಿದ ದಾರಿ, ಇದು ಕುಟುಂಬದ ಕೂಟ ಎಂಬುದು. ಅವರ ತೊಗಲಿನ ಅಂಗಿ ನಮ್ಮ ಬಿಸಿಲಿಗೆ ಬೇಡ, ಆ ಬುದ್ಧಿ ಬೇಕು. ಹಬ್ಬಕ್ಕೆ ಇಲ್ಲ, ಮಗುವಿನ ಹುಟ್ಟುಹಬ್ಬಕ್ಕೆ ಇಲ್ಲ, ಸಿಕ್ಕ ಒಂದು ಭಾನುವಾರವೂ ಬೈಕ್ ಹತ್ತಿ ಹೊರಟರೆ ಮನೆಯಾಕೆ ಕ್ಲಬ್ಬನ್ನು ಸವತಿಯಂತೆ ನೋಡುತ್ತಾಳೆ, ಅದರಲ್ಲಿ ಅವಳದೇನೂ ತಪ್ಪಿಲ್ಲ. ಎರಡು ಸವಾರಿಗೊಂದು ಮನೆಯವರ ಜೊತೆ. ದೂರ ಕಡಿಮೆ, ನೆರಳು ಜಾಸ್ತಿ, ಶೌಚಾಲಯ ಇರುವ ಜಾಗ. ಚಿಕ್ಕ ಮಕ್ಕಳು ಬಸ್ಸಲ್ಲಿ ಬರಲಿ, ಟ್ಯಾಂಕಿನ ಮೇಲೆ ಬೇಡ.

ಇಎಂಟಿ ಹೆಣ್ಣುಮಕ್ಕಳು ಹಿಂದಿನ ಸೀಟಿನವರು ಎಂದುಕೊಳ್ಳಬೇಡಿ. ಅವರಲ್ಲಿ ನಿಮಗಿಂತ ಚೆನ್ನಾಗಿ ಓಡಿಸುವವರಿದ್ದಾರೆ.

• ವಾಟ್ಸ್ಯಾಪ್ ಗುಂಪಿನಲ್ಲಿ ಘಟನಾ ಸ್ಥಳದ ಫೋಟೊ, ವಿಡಿಯೊ ಹಾಕಬಾರದು. ಸತ್ತವರಿಗೂ ಮಾನವಿದೆ. ರಾಜಕೀಯ, ಜಾತಿ, 'ಗುಡ್ ಮಾರ್ನಿಂಗ್' ಹೂವು ಇವನ್ನೂ ಬಿಡಿ. ಮೂರನೆಯದು ನನ್ನ ಸ್ವಂತ ಸಿಟ್ಟು.

• ಕ್ಲಬ್ಬನ್ನು ಇನ್ನೊಂದು ಡ್ಯೂಟಿ ಮಾಡಿಕೊಳ್ಳಬೇಡಿ. ಸಂಘ ಕಟ್ಟಿದ ತಕ್ಷಣ ರಕ್ತದಾನ, ಜಾಥಾ, ಗಣ್ಯರಿಂದ ಬಾವುಟ ಬೀಸಿಸುವುದು ಶುರುವಾಗುತ್ತದೆ. ವರ್ಷಕ್ಕೊಂದು ಮಾಡಿ. ವಾರವೆಲ್ಲ ಊರಿನ ಸೇವೆ ಮಾಡಿದವರು ಭಾನುವಾರವೂ ಬ್ಯಾನರ್ ಹಿಡಿದು ನಿಲ್ಲಬೇಕೆ? ಕೆರೆ ದಂಡೆಯಲ್ಲಿ ಸುಮ್ಮನೆ ಮಲಗಿ ಬಂದ ಸವಾರಿಯೂ ಒಳ್ಳೆಯ ಸವಾರಿಯೇ.

• ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಹೋಗಿ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಕಿ ಆರಿಸುವ ಕಸುಬನ್ನೇ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ಒಬ್ಬರೇ ಹೋಗಲು ಎಲ್ಲರೂ ಹೆದರುತ್ತಾರೆ, ಗುಂಪಿನಲ್ಲಿ ಹೋದರೆ ಸೂಜಿಗೆ ಯಾರು ಹೆಚ್ಚು ಹೆದರಿದರು ಎಂಬುದೇ ಆರು ತಿಂಗಳ ಮಾತು. ಮಸಿ ಹಿಡಿದ ಕೆಲಸದ ಬಟ್ಟೆಯನ್ನು ಬೈಕಿನ ಚೀಲದಲ್ಲಿ ತುಂಬಿ ಮನೆಗೆ ಒಯ್ಯುವುದನ್ನೂ ಆವತ್ತಿನಿಂದ ಬಿಡಿ.

• ಯಾರಾದರೂ ಗಾಯಗೊಂಡರೆ ಮೊದಲ ವಾರ ಎಲ್ಲರೂ ಹೋಗುತ್ತಾರೆ. ನೀವು ಐದನೇ ವಾರ ಹೋಗಿ. ಯಾರಾದರೂ ತೀರಿಕೊಂಡರೆ ಬೈಕುಗಳ ಸಾಲು, ಹೂವಿನ ಹಾರ ಒಂದು ದಿನದ್ದು. ಆಮೇಲೆ ಆ ಮನೆಗೆ ಬೇಕಾಗುವುದು ಕಚೇರಿ ಅಲೆಯುವ ಕಾಲು. ಪಿಂಚಣಿ ಕಾಗದ, ಅನುಕಂಪದ ನೌಕರಿಯ ಅರ್ಜಿ (ಅದಕ್ಕೆ ಗಡುವಿದೆ, ದುಃಖದಲ್ಲಿ ದಾಟಿಹೋಗುತ್ತದೆ), ಗುತ್ತಿಗೆಯವರಾದರೆ ಪಿ.ಎಫ್., ಇ.ಎಸ್.ಐ., ವಿಮೆ. ಇದಕ್ಕೆಂದೇ ಇಬ್ಬರನ್ನು ನೇಮಿಸಿ. ಆಫೀಸಿನ ಭಾಷೆ ಬಲ್ಲ ನಿವೃತ್ತರಿಗೆ ಈ ಕೆಲಸ ಕೊಡಿ, ಬೈಕು ಓಡಿಸಲು ಸೊಂಟ ಒಪ್ಪದವರೂ ಆಗ ಕ್ಲಬ್ಬಿನಲ್ಲಿ ಉಳಿಯುತ್ತಾರೆ.

• ಜಗಳ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಅಧ್ಯಕ್ಷಗಿರಿಯದೇ. ವರ್ಷಕ್ಕೊಬ್ಬರು, ಒಂದು ವರ್ಷ ಫೈರ್‌ನವರು, ಮರುವರ್ಷ 108ರವರು ಅಥವಾ ಗೃಹರಕ್ಷಕರು ಎಂದು ಮೊದಲ ದಿನವೇ ಬರೆದಿಡಿ. ಬಿಟ್ಟುಹೋದವರನ್ನು ಗುಂಪಿನಲ್ಲಿ ಆಡಿಕೊಳ್ಳಬೇಡಿ, ನಾಳೆ ಮತ್ತೆ ಯಾವುದೋ ಅಪಘಾತದಲ್ಲಿ ಅವರ ಪಕ್ಕವೇ ನಿಂತು ಕೆಲಸ ಮಾಡಬೇಕು.

• ಮೊದಲ ಸವಾರಿಗೆ ಊಟಿ, ವಯನಾಡು ಅನ್ನುತ್ತಿದ್ದೀರಂತೆ. ಬೇಡ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಮುಚ್ಚಿರುತ್ತದೆ. ಆ ಗೇಟು ಹಿಡಿಯಲು ಓಡಿಸುವ ಓಟದಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಮೈಸೂರು ಅಂದರೆ ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲಿ ಊರೂರಿಗೂ ನಿಂತು ಹೋಗಬೇಕು. ಬೆಂಗಳೂರಿನವರು ಬೆಳಗ್ಗೆ ಆರಕ್ಕೆ ತುಮಕೂರು ರಸ್ತೆ ಹಿಡಿಯಿರಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ದೇವರಾಯನದುರ್ಗ ಹತ್ತಿ, ನಾಮದ ಚಿಲುಮೆಯ ನೆರಳಲ್ಲಿ ಕೂತು ಹೆಸರು, ಊರು, ಮಕ್ಕಳೆಷ್ಟು ಕೇಳಿಕೊಳ್ಳಿ. ಯಾರ ರಕ್ತದ ಗುಂಪು ಯಾವುದು, ಯಾರಿಗೆ ಯಾವ ಮಾತ್ರೆ ಆಗದು, ಮನೆಯ ಫೋನ್ ನಂಬರು ಏನು ಎಂಬುದನ್ನು ಅಲ್ಲೇ ಒಂದು ಪುಸ್ತಕದಲ್ಲಿ ಬರೆದು ಕಡೇ ಬೈಕಿನ ಚೀಲಕ್ಕೆ ಹಾಕಿ. ರಾತ್ರಿ ಎಂಟಕ್ಕೆ ಪಾಳಿ ಇರುವವರು ಹನ್ನೊಂದಕ್ಕೇ ಹೊರಟು ಮನೆಗೆ ಹೋಗಿ ಮಲಗಲಿ. ಅವರನ್ನು ಒಬ್ಬೊಬ್ಬರಾಗಿ ಕಳಿಸಬೇಡಿ, ಜೊತೆಗೆ ಯಾರಾದರೂ ಹೋಗಿ.